ರಕ್ತ ತೆಗೆಯಲು ಕಲಿಸುವವರ ಕೈ ಎಲ್ಲಿರಬೇಕು?

ಪ್ರಶ್ನೆ: ನಾನು ಸಿಂಧನೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಒಂಬತ್ತು ವರ್ಷಗಳಿಂದ ಟೆಕ್ನೀಷಿಯನ್ ಆಗಿದ್ದೇನೆ. ಡಿಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ) ಓದಿದ್ದೇನೆ. ದಿನಕ್ಕೆ ನಲವತ್ತು ಐವತ್ತು ಜನರ ರಕ್ತ ತೆಗೆಯುತ್ತೇನೆ, ಬಹುತೇಕ ಒಂದೇ ಸಲಕ್ಕೆ ಸಿಗುತ್ತದೆ. ಈಗ ಬಳ್ಳಾರಿಯ ಒಂದು ಪ್ಯಾರಾಮೆಡಿಕಲ್ ಕಾಲೇಜಿನವರು ವಿದ್ಯಾರ್ಥಿಗಳಿಗೆ ರಕ್ತ ತೆಗೆಯುವುದನ್ನು ಕಲಿಸಲು ಬನ್ನಿ ಎಂದು ಕರೆದಿದ್ದಾರೆ. ಕೈ ಪಳಗಿದ್ದರೆ ಕಲಿಸಲು ಸಾಕೇ? ವಿದ್ಯಾರ್ಥಿಗಳು ಒಬ್ಬರ ಕೈ ಮೇಲೆ ಒಬ್ಬರು ಅಭ್ಯಾಸ ಮಾಡುವುದು ಸರಿಯೇ? ಕೈ ನಡುಗುವವರನ್ನು ಏನು ಮಾಡಬೇಕು? ವಿದ್ಯಾರ್ಥಿ ಸಿದ್ಧವಾದನೆಂದು ಯಾವಾಗ ಹೇಳಬಹುದು? ಪಾಠ ಹೇಳಲು ಹೋದರೆ ನನ್ನ ಕೈಯ ಅಭ್ಯಾಸವೇ ತಪ್ಪಿಹೋದೀತೆಂಬ ಭಯವೂ ಇದೆ.

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಪಳಗಿದ ಕೈ ಇಲ್ಲದವರು ಈ ಪಾಠ ಹೇಳಬಾರದು. ಆದರೆ ಕೈ ಪಳಗಿದೆ ಎಂಬ ಒಂದೇ ಬಲದ ಮೇಲೆ ತರಗತಿಗೆ ಹೋದರೆ ಮೊದಲ ಕೆಲವು ತಿಂಗಳು ಆ ಕೈಯೇ ನಿಮಗೆ ಅಡ್ಡ ಬರುತ್ತದೆ. ಬಳ್ಳಾರಿ, ಕೊಪ್ಪಳ ಎರಡೂ ಕಡೆ ಸೇರಿ ಹತ್ತೊಂಬತ್ತು ವರ್ಷ ನಾನು ಇದನ್ನೇ ಕಲಿಸಿದ್ದೇನೆ, ನನಗೆ ಆದದ್ದೂ ಇದೇ. ದಿನಕ್ಕೆ ಐವತ್ತು ಜನರ ರಕ್ತ ತೆಗೆಯುವ ಕೈ ತಾನು ಏನು ಮಾಡುತ್ತಿದ್ದೇನೆಂದು ಯಾರಿಗೂ ಹೇಳುವುದಿಲ್ಲ, ತನ್ನ ಒಡತಿಗೂ ಹೇಳುವುದಿಲ್ಲ. ಈ ಜಾಗವನ್ನೇ ಏಕೆ ಆರಿಸಿದಿರಿ ಎಂದು ವಿದ್ಯಾರ್ಥಿನಿ ಕೇಳಿದರೆ ‘ಮುಟ್ಟಿದರೆ ಗೊತ್ತಾಗುತ್ತದೆ’ ಎಂಬ ಉತ್ತರ ನಿಮ್ಮ ಬಾಯಿಗೆ ಬರುತ್ತದೆ. ಆ ಮಾತು ನಿಜವಾದರೂ ಅದರಿಂದ ಆಕೆ ಕಲಿಯುವುದು ಏನೂ ಇಲ್ಲ.

ಆದ್ದರಿಂದ ಹೊಸ ಕೆಲಸಕ್ಕೆ ಸೇರುವ ಮೊದಲು, ಈಗಿರುವ ಲ್ಯಾಬಿನಲ್ಲೇ, ಹದಿನೈದು ದಿನ ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ಪ್ರತಿಯೊಬ್ಬರ ರಕ್ತ ತೆಗೆದ ಮೇಲೆ ಒಂದೇ ಒಂದು ಸಾಲು ಬರೆಯಿರಿ: ಯಾವ ರಕ್ತನಾಳ, ಬೆರಳಿಗೆ ಹೇಗೆ ಅನಿಸಿತು, ಪಕ್ಕದ ಇನ್ನೊಂದನ್ನು ಏಕೆ ಬಿಟ್ಟೆ. ಮೂರನೆಯ ದಿನಕ್ಕೆ ಬೇಸರವಾಗುತ್ತದೆ, ಎಂಟನೆಯ ದಿನದ ಹೊತ್ತಿಗೆ ನಿಮ್ಮ ಕೈ ಮಾಡುತ್ತಿದ್ದ ಹತ್ತಾರು ಸಣ್ಣ ತೀರ್ಮಾನಗಳು ಮಾತಾಗಿ ಹೊರಬರಲು ಆರಂಭಿಸುತ್ತವೆ. ಆ ಮಾತುಗಳೇ ನಿಮ್ಮ ಪಾಠ. ಕೈಕೆಲಸ ಕಲಿಸುವುದಕ್ಕೆ ಬ್ರಿಟನ್ನಿನ ಶಸ್ತ್ರವೈದ್ಯ ರಾಡ್ನಿ ಪೇಟನ್ 1998ರಲ್ಲಿ ಮುಂದಿಟ್ಟ ನಾಲ್ಕು ಹೆಜ್ಜೆಗಳ ಕ್ರಮವೊಂದಿದೆ. ಮೊದಲು ಬೋಧಕರು ಮಾತಿಲ್ಲದೆ ಸಹಜ ವೇಗದಲ್ಲಿ ಮಾಡಿ ತೋರಿಸಬೇಕು; ಎರಡನೆಯ ಸಲ ಬಿಡಿಸಿ ವಿವರಿಸುತ್ತ ನಿಧಾನವಾಗಿ ಮಾಡಬೇಕು; ಮೂರನೆಯ ಸಲ ವಿದ್ಯಾರ್ಥಿ ಬಾಯಲ್ಲಿ ಹೇಳುತ್ತ ಹೋಗಬೇಕು, ಬೋಧಕರ ಕೈ ಅವನು ಹೇಳಿದಷ್ಟನ್ನೇ ಮಾಡಬೇಕು; ನಾಲ್ಕನೆಯ ಸಲ ವಿದ್ಯಾರ್ಥಿ ತಾನೇ ಹೇಳುತ್ತ ತಾನೇ ಮಾಡಬೇಕು. ಹೆಚ್ಚಿನವರು ಎರಡನೆಯದರಿಂದ ನಾಲ್ಕನೆಯದಕ್ಕೆ ಹಾರುತ್ತಾರೆ. ನನ್ನ ಅನುಭವದಲ್ಲಿ ಮೂರನೆಯದರಲ್ಲೇ ಎಲ್ಲವೂ ಬಯಲಾಗುತ್ತದೆ: ವಿದ್ಯಾರ್ಥಿ ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಬಿಚ್ಚು ಎಂದು ಹೇಳುವುದನ್ನೇ ಮರೆತು ಸೂಜಿ ಹೊರಗೆ ತೆಗೆಯಿರಿ ಎಂದುಬಿಡುತ್ತಾನೆ, ಆಗ ಕೃತಕ ತೋಳಿನ ಮೇಲೆ ನೀವು ಅದನ್ನೇ ಮಾಡಿ ತೋರಿಸಬಹುದು, ಬಣ್ಣದ ನೀರು ಚಿಮ್ಮುತ್ತದೆ, ಅವನು ಮತ್ತೆಂದೂ ಮರೆಯುವುದಿಲ್ಲ.

ಮಾತಿನ ವಿಷಯ ಬಂದದ್ದರಿಂದ ನಮ್ಮ ಭಾಷೆಯ ಒಂದು ತೊಡಕನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಕಡೆಯ ಜನ ರಕ್ತನಾಳಕ್ಕೂ ನರ ಎನ್ನುತ್ತಾರೆ, ನಿಜವಾದ ನರಕ್ಕೂ ನರವೇ ಎನ್ನುತ್ತಾರೆ. ‘ನಂದು ನರ ಸಿಗಂಗಿಲ್ರಿ’ ಎಂದು ಕೈ ಚಾಚುವ ಅಜ್ಜಿಯ ಮಾತು ನಮಗೆ ಅರ್ಥವಾಗುತ್ತದೆ, ಅವರನ್ನು ತಿದ್ದುವ ಅಗತ್ಯವೂ ಇಲ್ಲ. ಆದರೆ ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಿಂದ ಬಂದ ವಿದ್ಯಾರ್ಥಿಯ ತಲೆಯಲ್ಲೂ ಅದೇ ಒಂದು ಪದ ಉಳಿದುಬಿಟ್ಟರೆ ಅಪಾಯ. ಅಭಿಧಮನಿ (ಹೃದಯಕ್ಕೆ ರಕ್ತ ಮರಳಿಸುವ ನಾಳ), ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ), ನರ ಈ ಮೂರನ್ನೂ ಮೊದಲ ದಿನವೇ ಬೇರೆ ಬೇರೆ ಹೇಳಿಸಿ, ತಮ್ಮ ತಮ್ಮ ಮೊಣಕೈ ಮಡಿಕೆಯಲ್ಲಿ ಮುಟ್ಟಿಸಿ ತೋರಿಸಿ. ಮಡಿಕೆಯ ನಡುವೆ ಓರೆಯಾಗಿ ಹಾದುಹೋಗುವ ಅಭಿಧಮನಿಯೇ ನಮ್ಮ ಮೊದಲ ಆಯ್ಕೆ, ಏಕೆಂದರೆ ಅದು ಜಾರುವುದು ಕಡಿಮೆ, ಅದರ ಸುತ್ತ ನೋಯುವಂಥದ್ದೂ ಕಡಿಮೆ. ಹೆಬ್ಬೆರಳಿನ ಬದಿಯದು ಎರಡನೆಯ ಆಯ್ಕೆ. ಕಿರುಬೆರಳಿನ ಬದಿಯದು ದಪ್ಪಗೆ ಕಂಡು ಆಸೆ ಹುಟ್ಟಿಸುತ್ತದೆ, ಆದರೆ ಅದರ ಹತ್ತಿರದಲ್ಲೇ ತೋಳಿನ ಮುಖ್ಯ ಅಪಧಮನಿಯೂ ನರಗಳೂ ಹಾದುಹೋಗುವುದರಿಂದ ವಿದ್ಯಾರ್ಥಿಗಳಿಗೆ ಅದನ್ನು ನಾನು ಬಿಟ್ಟುಕೊಡುವುದೇ ಇಲ್ಲ. ಚುಚ್ಚಿದ ಕೂಡಲೇ ಕರೆಂಟ್ ಹೊಡೆದಂತೆ ಬೆರಳತನಕ ಜುಮ್ಮೆಂದಿತು ಎಂದು ರೋಗಿ ಹೇಳಿದರೆ ಅದು ನರ. ಸೂಜಿ ಆ ಕ್ಷಣವೇ ಹೊರಗೆ ಬರಬೇಕು, ರಕ್ತ ಬರುತ್ತಿದ್ದರೂ ಸರಿಯೇ.

ಕಣ್ಣಿಗಿಂತ ಬೆರಳನ್ನು ನಂಬುವುದನ್ನು ಕಲಿಸುವುದು ನಮ್ಮ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚು ಮುಖ್ಯ. ಬಿಸಿಲಲ್ಲಿ ಭತ್ತದ ಸಸಿ ನೆಟ್ಟು, ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಕಪ್ಪಾದ ತೋಳುಗಳಲ್ಲಿ ನೀಲಿ ಗೆರೆ ಕಾಣುವುದಿಲ್ಲ. ವಯಸ್ಸಾದ ಹೆಂಗಸರ ಮುಂಗೈ ತುಂಬ ಹಚ್ಚೆ ಇರುತ್ತದೆ, ಆ ಹಸಿರು ಗೆರೆಯನ್ನೇ ರಕ್ತನಾಳವೆಂದುಕೊಂಡು ಸೂಜಿ ಹಿಡಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಲಂಬಾಣಿ ತಾಂಡಾದ ಹಿರಿಯ ತಾಯಂದಿರಲ್ಲಿ ಕೆಲವರು ಮೊಣಕೈ ಮೇಲಿನವರೆಗೂ ಬಳೆ ತೊಟ್ಟಿರುತ್ತಾರೆ. ಟೂರ್ನಿಕೆಟ್ ಕಟ್ಟಲು ಜಾಗವಿಲ್ಲವೆಂದು ಬಳೆ ತೆಗೆಯಿರಿ ಎನ್ನುವುದು ಅವರಿಗೆ ಮಾಡುವ ಅವಮಾನ, ಮುಂಗೈಗೆ ಕಟ್ಟಿ ಅಂಗೈ ಹಿಂಬದಿಯ ಸಣ್ಣ ನಾಳವನ್ನು ರೆಕ್ಕೆಯಂಥ ಹಿಡಿಕೆಯ ಬಟರ್‌ಫ್ಲೈ ಸೂಜಿಯಿಂದ ಹಿಡಿಯಲು ಕಲಿಸಬೇಕು. ಬೆರಳಿಗೆ ಅಭಿಧಮನಿ ಮೆತ್ತಗೆ ಒತ್ತಿದರೆ ಒಳಹೋಗಿ ಮತ್ತೆ ಪುಟಿದೇಳುತ್ತದೆ; ಅಪಧಮನಿ ತಾನೇ ಬಡಿಯುತ್ತದೆ; ಸ್ನಾಯುವಿನ ತುದಿ ಹಗ್ಗದಂತೆ ಗಟ್ಟಿಯಾಗಿರುತ್ತದೆ. ಕಣ್ಣು ಮುಚ್ಚಿಸಿ ಈ ಮೂರನ್ನೂ ಗುರುತಿಸುವವರೆಗೆ ನನ್ನ ತರಗತಿಯಲ್ಲಿ ಯಾರಿಗೂ ಸೂಜಿ ಸಿಗುವುದಿಲ್ಲ. ಬೇರೆ ಬೋಧಕರು ಇದು ಕಾಲಹರಣ ಎಂದು ಹೇಳಿದ್ದುಂಟು, ಆದರೂ ನಾನು ಬಿಟ್ಟಿಲ್ಲ.

ಬೇಸಿಗೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಉಪವಾಸದ ಸಕ್ಕರೆ ಪರೀಕ್ಷೆಗೆಂದು ಮಸ್ಕಿಯ ಕಡೆಯಿಂದಲೋ ಕುಷ್ಟಗಿಯ ಕಡೆಯಿಂದಲೋ ಮೊದಲ ಬಸ್ಸಿಗೆ ಬಂದವರು ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಕುಡಿದಿರುವುದಿಲ್ಲ, ಏಕೆಂದರೆ ಉಪವಾಸ ಎಂದರೆ ವ್ರತದ ಉಪವಾಸ ಎಂದೇ ಅವರ ತಿಳಿವಳಿಕೆ. ನೀರಿಲ್ಲದ ದೇಹದಲ್ಲಿ ರಕ್ತನಾಳ ಇಂಗಿಹೋಗಿರುತ್ತದೆ, ವಿದ್ಯಾರ್ಥಿ ಎರಡು ಸಲ ಚುಚ್ಚಿ ಸೋಲುತ್ತಾನೆ, ತನ್ನ ಕೈಯೇ ಕೆಟ್ಟದೆಂದು ತಿಳಿಯುತ್ತಾನೆ. ‘ನೀರು ಕುಡದೀರೇನ್ರಿ?’ ಎಂಬ ಪ್ರಶ್ನೆಯನ್ನು ಟೂರ್ನಿಕೆಟ್ ಕಟ್ಟುವ ಮೊದಲು ಕೇಳುವುದನ್ನು ರೂಢಿ ಮಾಡಿಸಿ. ಈ ಪರೀಕ್ಷೆಗೆ ಬರಿಯ ನೀರು ಕುಡಿಯಬಹುದು. ಎರಡು ಲೋಟ ನೀರು ಕೊಟ್ಟು ಸ್ವಲ್ಪ ಹೊತ್ತು ಕೂರಿಸಿ, ತೋಳನ್ನು ಕೆಳಗೆ ಇಳಿಬಿಟ್ಟುಕೊಳ್ಳಲು ಹೇಳಿದರೆ ಎಷ್ಟೋ ಸಲ ಸಿಗದಿದ್ದ ನಾಳ ಸಿಗುತ್ತದೆ. ತೋಳಿಗೆ ಚಟಚಟ ಹೊಡೆಯುವುದನ್ನೂ ಮುಷ್ಟಿಯನ್ನು ಮತ್ತೆ ಮತ್ತೆ ಹಿಸುಕಿಸುವುದನ್ನೂ ನಿಲ್ಲಿಸಿ. ಹೊಡೆತಕ್ಕೆ ರಕ್ತಕಣ ಒಡೆಯಬಹುದು, ಹಿಸುಕಿದರೆ ಪೊಟ್ಯಾಸಿಯಂ ಏರುತ್ತದೆ.

ಈಗ ಒಬ್ಬರ ಕೈ ಮೇಲೆ ಒಬ್ಬರು ಅಭ್ಯಾಸ ಮಾಡುವ ಪ್ರಶ್ನೆ. ಮೊದಲ ಚುಚ್ಚು ಯಾವ ಜೀವಂತ ತೋಳಿಗೂ ಬೀಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲೇಜಿನಲ್ಲಿ ಕೃತಕ ತೋಳು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಡ್ರಿಪ್ ಸೆಟ್ಟಿನ ಹೊಸ ನಳಿಕೆಯಲ್ಲಿ ಕೆಂಪು ಬಣ್ಣದ ನೀರು ತುಂಬಿ, ಸ್ಪಂಜಿನ ಹಾಳೆಯ ಮೇಲೆ ಮಲಗಿಸಿ, ಮೇಲೊಂದು ತೆಳು ರಬ್ಬರು ಹೊದಿಸಿದರೆ ಐವತ್ತು ಚುಚ್ಚಿಗೆ ಸಾಕಾಗುವ ತೋಳು ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ಹೊಂದಿಸುವುದು ನಿಮಗೆ ಕಷ್ಟವಾಗದು. ಅಭ್ಯಾಸದ ಸೂಜಿಗಳನ್ನು ಬೇರೆ ಡಬ್ಬಿಯಲ್ಲಿ, ಬೇರೆ ಬೀರುವಿನಲ್ಲಿ ಇಡಿ. ಸೂಜಿಯನ್ನು 30 ಡಿಗ್ರಿಗಿಂತ ಹೆಚ್ಚು ಓರೆಯಾಗದಂತೆ, ಅದರ ತೆರೆದ ಬಾಯಿ ಮೇಲಿರುವಂತೆ ಹಿಡಿದು, ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ನಿಲ್ಲಿಸುವ ಚಲನೆ ಇಲ್ಲಿಯೇ ಕೈಗೆ ಹತ್ತಬೇಕು.

ಅದಾದ ಮೇಲೆ ಸಹಪಾಠಿಯ ತೋಳು ಬರಬಹುದು, ಆದರೆ ಅದು ಕಡ್ಡಾಯವಾಗಬಾರದು, ಅಂಕಕ್ಕೆ ಸೇರಬಾರದು. ಬೋಧಕರ ಮುಂದೆ ಒಲ್ಲೆ ಎನ್ನುವ ಧೈರ್ಯ ಹದಿನೇಳು ಹದಿನೆಂಟು ವಯಸ್ಸಿನ ಹುಡುಗಿಗೆ ಇರುವುದಿಲ್ಲ. ಹಾಸ್ಟೆಲ್ಲಿನಲ್ಲಿರುವ ಎಷ್ಟೋ ಹೆಣ್ಣುಮಕ್ಕಳಿಗೆ ರಕ್ತಹೀನತೆ ಇರುತ್ತದೆ. ಇನ್ನು ಕೆಲವರಿಗೆ ತಮ್ಮ ಆರೋಗ್ಯದ ಯಾವುದೋ ಸಂಗತಿ ತರಗತಿಗೆ ತಿಳಿಯುವುದು ಬೇಕಿರುವುದಿಲ್ಲ. ಆದ್ದರಿಂದ ಒಪ್ಪಿಗೆಯನ್ನು ಗುಂಪಿನಲ್ಲಿ ಕೇಳಬೇಡಿ. ಚೀಟಿಯಲ್ಲಿ ಬರೆದುಕೊಡಲು ಹೇಳಿ, ಕಾರಣ ಕೇಳಬೇಡಿ, ಒಬ್ಬರಿಗೆ ಒಂದು ದಿನ ಎರಡಕ್ಕಿಂತ ಹೆಚ್ಚು ಚುಚ್ಚು ಬೇಡ. ನಾನು ಮೊದಲು ನನ್ನ ತೋಳನ್ನೇ ಕೊಡುತ್ತಿದ್ದೆ. ಚುಚ್ಚಿಸಿಕೊಳ್ಳುವುದು ಹೇಗಿರುತ್ತದೆ, ಒರೆಸಿದ ಸ್ಪಿರಿಟ್ ಒಣಗದೆ ಚುಚ್ಚಿದರೆ ಎಷ್ಟು ಉರಿಯುತ್ತದೆ ಎಂಬುದನ್ನು ಬಲ್ಲ ವಿದ್ಯಾರ್ಥಿ 30 ಸೆಕೆಂಡು ಒರೆಸಿ ಇನ್ನು 30 ಸೆಕೆಂಡು ಕಾಯುವುದನ್ನು ಯಾರೂ ಹೇಳದೆಯೇ ಮಾಡುತ್ತಾನೆ. ಈ ಒಂದು ಲಾಭಕ್ಕಾಗಿಯೇ ನಾನು ಸಹಪಾಠಿಗಳ ಅಭ್ಯಾಸವನ್ನು ಪೂರ್ತಿ ಬೇಡವೆನ್ನುವುದಿಲ್ಲ.

ರೋಗಿಯ ಬಳಿ ವಿದ್ಯಾರ್ಥಿಯನ್ನು ಕರೆದೊಯ್ಯುವ ದಿನದಿಂದ ನಿಮ್ಮ ಕೆಲಸದ ಸ್ವರೂಪವೇ ಬದಲಾಗುತ್ತದೆ, ಏಕೆಂದರೆ ಅಂದಿನಿಂದ ಒಂದೇ ಹೊತ್ತಿಗೆ ನೀವು ಇಬ್ಬರಿಗೆ ಹೊಣೆ. ಕಲಿಯುವವನಿಗೆ ಅವಕಾಶ ಬೇಕು. ಹಾಸಿಗೆಯ ಮೇಲಿರುವವರು ಜ್ವರಕ್ಕೆ ಔಷಧಿ ಬಯಸಿ ಬಂದವರು, ಪಾಠಕ್ಕೆ ತೋಳು ಕೊಡಲು ಬಂದವರಲ್ಲ. ನಾನು ಬೋಧಕನಾದ ಎರಡನೆಯ ವರ್ಷ ಒಂದು ಆಸ್ಪತ್ರೆಯಲ್ಲಿ ಸುಮಾರು ಎಪ್ಪತ್ತು ವರ್ಷದ ರೈತರೊಬ್ಬರ ತೋಳನ್ನು ಒಬ್ಬ ವಿದ್ಯಾರ್ಥಿಗೆ ಒಪ್ಪಿಸಿದೆ. ಅವನು ಅದಕ್ಕಿಂತ ಮೊದಲು ಎರಡು ದಿನ ಸತತವಾಗಿ ಸೋತಿದ್ದ. ಇವತ್ತಾದರೂ ಅವನಿಗೆ ಸಿಗಲಿ ಎಂಬ ಕಕ್ಕುಲತೆಯಿಂದ ನಾನು ಸುಮ್ಮನಿದ್ದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಒಳಗೆ ಸೂಜಿಯನ್ನು ಆಚೀಚೆ ತಿರುಗಿಸಿ ಹುಡುಕಿದ, ನಾಲ್ಕನೆಯ ಸಲ ಸಿಕ್ಕಿತು. ಹುಡುಗನ ಮುಖ ಅರಳಿತು. ಆ ಹಿರಿಯರು ಒಂದು ಮಾತೂ ಆಡಲಿಲ್ಲ, ಆದರೆ ಮರುದಿನ ನೋಡಿದರೆ ಮೊಣಕೈಯಿಂದ ಕೆಳಗೆ ಅಂಗೈಯಷ್ಟು ಅಗಲ ಕಪ್ಪುಗಟ್ಟಿತ್ತು. ಅವರ ಮಗಳು ನನ್ನನ್ನು ಕೇಳಿದ್ದು ಒಂದೇ: ‘ಕಲಿಯಾಕ ನಮ್ಮಪ್ಪನ ಕೈನ ಬೇಕಾಗಿತ್ತೇನ್ರಿ ಸರ?’ ತಪ್ಪು ವಿದ್ಯಾರ್ಥಿಯದಾಗಿರಲಿಲ್ಲ, ನನ್ನದಾಗಿತ್ತು. ಒಬ್ಬರಿಗೆ ಎರಡೇ ಪ್ರಯತ್ನ ಎಂಬ ನಿಯಮ ಆಗಲೂ ನನಗೆ ಗೊತ್ತಿತ್ತು. ವಿದ್ಯಾರ್ಥಿಗಳ ವಿಷಯದಲ್ಲಿ ಅಂದಿನಿಂದ ನಾನು ಅದನ್ನು ಒಂದಕ್ಕೆ ಇಳಿಸಿದೆ: ವಿದ್ಯಾರ್ಥಿಗೆ ಒಂದು ಪ್ರಯತ್ನ, ಅದು ತಪ್ಪಿದರೆ ಎರಡನೆಯದು ಬೋಧಕರದು, ಅದೂ ತಪ್ಪಿದರೆ ಬೇರೊಬ್ಬರನ್ನು ಕರೆಯಬೇಕು. ವಿದ್ಯಾರ್ಥಿ ಇದನ್ನು ಸೋಲೆಂದು ತಿಳಿಯದಿರಲು ಈ ಕರಾರನ್ನು ರೋಗಿಯ ಮುಂದೆಯೇ, ಮೊದಲೇ ಹೇಳಿಬಿಡಬೇಕು: ‘ಇವರು ನಮ್ಮ ವಿದ್ಯಾರ್ಥಿ, ನಾನು ಪಕ್ಕದಾಗ ಇರ್ತೀನ್ರಿ, ಒಂದು ಸಲ ನೋಡ್ತಾರ, ನಿಮಗ ಬ್ಯಾಡ ಅನಿಸಿದ್ರ ನಾನ ತಗಿತೀನಿ.’ ಬೇಡವೆಂದವರು ತೀರ ಕಡಿಮೆ. ಬೇಡವೆಂದರೆ ಅದೇ ಕೊನೆಯ ಮಾತು.

ಹಾಗಾದರೆ ಆ ಹೊತ್ತಿನಲ್ಲಿ ನಿಮ್ಮ ಕೈ ಎಲ್ಲಿರಬೇಕು? ವಿದ್ಯಾರ್ಥಿಯ ಕೈ ಮೇಲೆ ಖಂಡಿತ ಇರಬಾರದು. ಎರಡು ಕೈಗಳು ಹಿಡಿದ ಸೂಜಿ ಯಾರ ಹಿಡಿತದಲ್ಲೂ ಇರುವುದಿಲ್ಲ, ಚುಚ್ಚಿಕೊಳ್ಳುವ ಅಪಾಯವೂ ಹೆಚ್ಚು. ನಿಮ್ಮ ಒಂದು ಕೈಯಲ್ಲಿ ಒಣ ಹತ್ತಿ ಇರಲಿ, ಇನ್ನೊಂದು ಕೈ ಟೂರ್ನಿಕೆಟ್ಟಿನ ತುದಿಯ ಹತ್ತಿರ ಇರಲಿ. ಏನೇ ಎಡವಟ್ಟಾದರೂ ಮೊದಲು ಬಿಚ್ಚಬೇಕಾದದ್ದು ಅದೇ. ಬಿಗಿತ ಇರುವಾಗಲೇ ಸೂಜಿ ಹೊರಗೆ ಬಂದರೆ ರಕ್ತ ಚರ್ಮದಡಿಗೆ ಹರಿದು ಗಂಟು ಕಟ್ಟುತ್ತದೆ. ಬಿಗಿತ ಒಂದು ನಿಮಿಷ ಮೀರಿದರೆ ಬಂದ ರಕ್ತವೂ ದಪ್ಪವಾಗಿ ರಿಪೋರ್ಟಿನ ಅಂಕಿ ಬದಲಾಗುತ್ತದೆ ಎಂಬುದರಿಂದ ಆ ಗಡಿಯಾರವೂ ನಿಮ್ಮ ತಲೆಯಲ್ಲೇ ಓಡುತ್ತಿರಬೇಕು. ವಿದ್ಯಾರ್ಥಿಯೊಂದಿಗೆ ಮೊದಲೇ ಒಂದು ಪದ ಗೊತ್ತುಮಾಡಿಕೊಳ್ಳಿ. ನನ್ನ ಪದ ‘ಸಾಕು’. ಆ ಪದ ಕೇಳಿದ ಮೇಲೆ ಇನ್ನೊಂದು ಕ್ಷಣ ನೋಡುತ್ತೇನೆ ಎನ್ನುವಂತಿಲ್ಲ. ಅದನ್ನು ಗದರುವ ದನಿಯಲ್ಲಿ ಹೇಳಬಾರದು, ಅಂಗಡಿಯಲ್ಲಿ ಸಕ್ಕರೆ ತೂಗುವವರಿಗೆ ಹೇಳುವಷ್ಟು ಸಹಜವಾಗಿ ಹೇಳಬೇಕು, ರೋಗಿಗೆ ಗಾಬರಿಯಾಗಬಾರದು.

ಕೈ ನಡುಗುವವರ ಬಗ್ಗೆ ನೀವು ಹೆಚ್ಚು ಚಿಂತಿಸಬೇಕಿಲ್ಲ. ಬೆಳಗ್ಗೆ ಏನೂ ತಿನ್ನದೆ ಬಂದ ನಡುಕವಾದರೆ ಎರಡು ಇಡ್ಲಿ ತಿನ್ನಿಸಿ ಕರೆತನ್ನಿ. ಉಳಿದ ನಡುಕಕ್ಕೆ ಒಂದೇ ಉಪಾಯ ಸಾಕು: ಸೂಜಿ ಹಿಡಿದ ಕೈ ಗಾಳಿಯಲ್ಲಿ ತೇಲದೆ, ಕಿರುಬೆರಳು ಮತ್ತು ಅಂಗೈಯ ಬದಿ ರೋಗಿಯ ಮುಂಗೈಗೆ ಆನಿಕೊಂಡಿರಲಿ. ಹಾಗೆ ಆನಿಸಿದಾಗ ರೋಗಿಯ ಕೈ ಅಲುಗಿದರೆ ಸೂಜಿಯೂ ಜೊತೆಗೇ ಅಲುಗುತ್ತದೆ, ಒಳಗೆ ಕೊಯ್ಯುವುದಿಲ್ಲ. ನಡುಗುವವರು ಎರಡು ಮೂರು ವಾರದಲ್ಲಿ ನೆಲೆಗೆ ಬರುತ್ತಾರೆ. ನೀವು ಕಣ್ಣಿಡಬೇಕಾದದ್ದು ಒಳಗೆ ಹೋದ ಸೂಜಿಯನ್ನು ಹೊರತೆಗೆಯಲು ಮನಸ್ಸು ಬಾರದೆ ಅಲ್ಲೇ ಕೆದಕುವವರ ಮೇಲೆ. ಆ ಚಟ ಮೊದಲ ತಿಂಗಳಲ್ಲಿ ಬಿಡಿಸದಿದ್ದರೆ ಮುಂದೆ ಬಿಡಿಸುವುದು ಬಹಳ ಕಷ್ಟ.

ಇನ್ನು ಮುಚ್ಚಳದ ಬಣ್ಣದಿಂದ ಗುರುತಿಸುವ ಟ್ಯೂಬುಗಳಿಗೆ ರಕ್ತ ತುಂಬುವ ಕ್ರಮ. ಇದನ್ನು ಎಲ್ಲರೂ ಬಾಯಿಪಾಠ ಮಾಡಿಸುತ್ತಾರೆ, ಏಕೆ ಎಂದು ಹೇಳುವವರು ವಿರಳ. ರೋಗಾಣು ಬೆಳೆಸಿ ನೋಡುವ ಕಲ್ಚರ್ ಬಾಟಲಿ ಇದ್ದರೆ ಅದು ಮೊದಲು, ನಂತರ ಹೆಪ್ಪು ತಡೆಯುವ ಸಿಟ್ರೇಟಿನ ತಿಳಿನೀಲಿ, ಆಮೇಲೆ ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ) ಕೆಂಪು ಅಥವಾ ಹಳದಿ, ಹೆಪಾರಿನ್ನಿನ ಹಸಿರು, ಇಡಿಟಿಎಯ ನೇರಳೆ, ಕೊನೆಗೆ ಫ್ಲೋರೈಡಿನ ಬೂದು. ನೇರಳೆ ಟ್ಯೂಬಿನ ಒಳಗಿರುವುದು ಪೊಟ್ಯಾಸಿಯಂ ಲವಣ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಅಂಶ ಸೀರಂ ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಇಳಿದ ರಿಪೋರ್ಟು ಬರುತ್ತದೆ, ರೋಗಿಯ ಹೃದಯಕ್ಕೆ ಅಪಾಯವಿದೆಯೆಂದು ವೈದ್ಯರು ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರುಮಾಡಬಹುದು. ಇದನ್ನು ಹಲಗೆಯ ಮೇಲೆ ಬರೆಯುವ ಬದಲು ಕಣ್ಣಾರೆ ತೋರಿಸಿ. ಒಪ್ಪಿಗೆ ಕೊಟ್ಟ ಒಬ್ಬರ ಸೀರಂ ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ನೇರಳೆ ಟ್ಯೂಬಿನಿಂದ ಒಂದೆರಡು ಹನಿ ಸೇರಿಸಿ, ಎರಡನ್ನೂ ಯಂತ್ರಕ್ಕೆ ಕೊಡಿ. ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟಾಗ ತರಗತಿ ಮೌನವಾಗುತ್ತದೆ. ಒಂದು ಟ್ಯೂಬು ಕಡಿಮೆ ಬಿತ್ತೆಂದು ಪಕ್ಕದ ಟ್ಯೂಬಿನಿಂದ ಸುರಿದು ತುಂಬಿಸುವ ಕೆಟ್ಟ ರೂಢಿಯನ್ನು ನಮ್ಮ ಕಡೆ ನಾನು ಬಹಳ ಕಂಡಿದ್ದೇನೆ. ಅದು ನಿಲ್ಲುವುದು ಈ ಪಾಠದಿಂದಲೇ. ತಿಳಿನೀಲಿ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಬೇಕು, ಗೆರೆ ಮುಟ್ಟದಿದ್ದರೆ ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ ಪರೀಕ್ಷೆ ಸುಳ್ಳು ಹೇಳುತ್ತದೆ. ಟ್ಯೂಬನ್ನು ಕುಲುಕಬಾರದು, ಮೆಲ್ಲಗೆ ತಲೆಕೆಳಗು ಮಾಡಿ ತಿರುಗಿಸಬೇಕು, ನೇರಳೆಗೆ ಎಂಟು ಹತ್ತು ಸಲ, ತಿಳಿನೀಲಿಗೆ ಮೂರು ನಾಲ್ಕು ಸಲ. ಸಕ್ಕರೆ ಇಳಿಯದಂತೆ ತಡೆಯುವ ಬೂದು ಟ್ಯೂಬಿನ ಮಹತ್ವವನ್ನೂ ನಮ್ಮ ಬಿಸಿಲೇ ಹೇಳಿಕೊಡುತ್ತದೆ: ಕಣಗಳನ್ನು ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಸಕ್ಕರೆ ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ದೇವದುರ್ಗದಿಂದ ರಾಯಚೂರಿಗೆ ಬೈಕಿನ ಡಿಕ್ಕಿಯಲ್ಲಿ ಹೋಗುವ ಮಾದರಿಯನ್ನು ಊಹಿಸಿಕೊಳ್ಳಿ.

ಚುಚ್ಚುವುದಕ್ಕಿಂತ ಮೊದಲಿನ ಒಂದು ನಿಮಿಷಕ್ಕೆ ನಾನು ಅತಿ ಹೆಚ್ಚು ಅಂಕ ಕೊಡುತ್ತೇನೆ, ಅದು ಗುರುತು ಖಚಿತಪಡಿಸಿಕೊಳ್ಳುವ ನಿಮಿಷ. ಕೊಪ್ಪಳದ ಯಾವ ವಾರ್ಡಿಗೆ ಹೋದರೂ ಇಬ್ಬರು ಮೂವರು ಹುಲಿಗೆಮ್ಮಂದಿರು ಸಿಗುತ್ತಾರೆ, ಹುಲಿಗಿಯ ಅಮ್ಮನ ಹೆಸರಿಡದ ಮನೆ ಆ ಕಡೆ ಕಡಿಮೆ. ‘ನೀವು ಹುಲಿಗೆಮ್ಮ ಹೌದಲ್ರೀ?’ ಎಂದು ಕೇಳಿದರೆ ಜ್ವರದಲ್ಲಿ ಮಲಗಿದವರು ಹೂಂ ಎನ್ನುತ್ತಾರೆ, ಬೇರೆ ಹೆಸರಿನವರೂ ಹೂಂ ಎನ್ನುತ್ತಾರೆ. ಆದ್ದರಿಂದ ಹೆಸರನ್ನು ಅವರ ಬಾಯಿಂದಲೇ ಹೇಳಿಸಬೇಕು. ಗಂಡನ ಹೆಸರು ಕೇಳಿದರೆ ವಯಸ್ಸಾದ ಹೆಂಗಸರು ಹೇಳುವುದಿಲ್ಲ, ಪಕ್ಕದವರ ಮುಖ ನೋಡುತ್ತಾರೆ. ವಯಸ್ಸು, ಊರು, ತಂದೆಯ ಹೆಸರು ಕೇಳಿ, ಚೀಟಿಯ ಮೇಲಿನ ನೋಂದಣಿ ಸಂಖ್ಯೆಯೊಂದಿಗೆ ಹೊಂದಿಸಿ. ಹೆಸರಿನ ಚೀಟಿಯನ್ನು ರಕ್ತ ತೆಗೆದ ಮೇಲೆ, ಅವರ ಮುಂದೆಯೇ, ಅಲ್ಲಿಂದ ಏಳುವ ಮೊದಲು ಅಂಟಿಸಬೇಕು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ರಕ್ತ ರಕ್ತನಿಧಿಗೆ ಹೋದರೆ ಹೊಂದದ ಗುಂಪಿನ ರಕ್ತ ಏರಿಸಿ ಜೀವವೇ ಹೋಗಬಹುದು. ಬೆಳಗ್ಗೆಯೇ ಚೀಟಿ ಅಂಟಿಸಿದ ಟ್ಯೂಬುಗಳನ್ನು ಟ್ರೇಯಲ್ಲಿ ಸಾಲಾಗಿ ಜೋಡಿಸಿಕೊಂಡು ಹೊರಡುವ ವಿದ್ಯಾರ್ಥಿ ಎಷ್ಟೇ ಚುರುಕಾಗಿದ್ದರೂ ನಾನು ಅಲ್ಲಿಯೇ ತಡೆಯುತ್ತೇನೆ.

ರಕ್ತ ಕೊಟ್ಟರೆ ನಿತ್ರಾಣವಾಗುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಮೂರು ಟ್ಯೂಬು ಕಂಡ ಕೂಡಲೇ ‘ಇಷ್ಟ್ಯಾಕ್ರೀ?’ ಎನ್ನುತ್ತಾರೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ, ನಾವು ತೆಗೆಯುವುದು ಎರಡು ಮೂರು ಚಮಚ ಎಂದು ಸಮಾಧಾನದಿಂದ ಹೇಳುವುದೂ ಪಾಠದ ಭಾಗ. ತೆಲುಗು, ಉರ್ದು ಆಡುವವರಿಗೂ ಇಷ್ಟನ್ನು ಅವರ ಮಾತಿನಲ್ಲೇ ಹೇಳಲು ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಬರುತ್ತದೆ, ಅವರಿಂದ ಉಳಿದವರು ಕಲಿಯಲಿ.

ಕಾಲೇಜಿನವರೊಂದಿಗೆ ಸಂಬಳ ಮಾತಾಡುವ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ವಿದ್ಯಾರ್ಥಿಗಳಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ಲಸಿಕೆ ಇಲ್ಲದವರಿಗೆ ಸೋಂಕಿನ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30ರವರೆಗೆ ಇದೆ. ಹೆಪಟೈಟಿಸ್ ಸಿಗೆ ಅದು ಸುಮಾರು ಶೇ. 1.8, ಎಚ್‌ಐವಿಗೆ ಸುಮಾರು ಶೇ. 0.3. ಎಲ್ಲರೂ ಹೆದರುವುದು ಕೊನೆಯದಕ್ಕೆ, ಅಪಾಯ ಹೆಚ್ಚಿರುವುದು ಮೊದಲನೆಯದರಲ್ಲಿ, ಲಸಿಕೆ ಇರುವುದೂ ಅದಕ್ಕೇ. ಅದನ್ನು ಆರಂಭದಲ್ಲಿ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಸಲ ಕೊಡುತ್ತಾರಾದ್ದರಿಂದ ಪ್ರವೇಶದ ವಾರವೇ ಶುರುಮಾಡಿದರೆ ವಾರ್ಡಿಗೆ ಹೋಗುವ ಹೊತ್ತಿಗೆ ಮುಗಿದಿರುತ್ತದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಕೈಗಳನ್ನು ಮೊದಲ ದಿನವೇ ತಡೆಯಿರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ ತೂತು ಬೀಳದ ಬಿಳಿ ಡಬ್ಬಿಗೆ, ಸೂಜಿ ಕತ್ತರಿಸಿದ ಸಿರಿಂಜು ಮತ್ತು ಪ್ಲಾಸ್ಟಿಕ್ ಟ್ಯೂಬು ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ ಹೋಗಬೇಕು. ಬಿಳಿ ಡಬ್ಬಿ ಕೈಗೆಟುಕುವ ದೂರದಲ್ಲಿ ಇರಬೇಕು, ವಾರ್ಡಿನ ಆ ತುದಿಯಲ್ಲಿದ್ದರೆ ಇಲ್ಲದಂತೆಯೇ ಲೆಕ್ಕ.

ಸೂಜಿ ಚುಚ್ಚಿಕೊಂಡ ವಿದ್ಯಾರ್ಥಿಗಳು ಅದನ್ನು ಮುಚ್ಚಿಡುತ್ತಾರೆ. ಒಬ್ಬಳು ಹುಡುಗಿ ನನಗೆ ಹೇಳಿದ್ದು ನಾಲ್ಕನೆಯ ದಿನ, ಬೈಯುತ್ತೀರೆಂದು ಹೆದರಿದ್ದೆ ಎಂದಳು. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಎಷ್ಟೇ ತಡವಾದರೂ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ಅವಳ ಪಾಲಿಗೆ ಆ ಅವಧಿ ಮುಗಿದಿತ್ತು. ರೋಗಿಯ ಪರೀಕ್ಷೆಯಲ್ಲಿ ಏನೂ ಇರಲಿಲ್ಲವೆಂದು ತಿಳಿಯುವವರೆಗೆ ಅವಳೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಅಂದಿನಿಂದ ಪ್ರತಿ ತಂಡಕ್ಕೂ ಮೊದಲ ವಾರವೇ ನಾನು ನನಗೆ ಸೂಜಿ ಚುಚ್ಚಿದ ಎರಡು ಸಂದರ್ಭಗಳನ್ನು ಪೂರ್ತಿ ಹೇಳುತ್ತೇನೆ. ಸೋಪು ನೀರಿನಲ್ಲಿ ತೊಳೆಯುವುದು, ಹಿಂಡದಿರುವುದು, ಯಾರಿಗೆ ಫೋನ್ ಮಾಡುವುದು, ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರ ಎಲ್ಲಿದೆ ಎಂಬುದನ್ನು ಅವರ ಗುರುತಿನ ಚೀಟಿಯ ಹಿಂದೆ ಬರೆಸುತ್ತೇನೆ. ಕೆಲಸದಲ್ಲಿ ಹೀಗೆ ಸೋಂಕಿನ ಅಪಾಯಕ್ಕೆ ಒಳಗಾದವರಿಗೆ ಈ ಮಾತ್ರೆ ಒದಗಿಸುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಸಂಸ್ಥೆಯ ಕರ್ತವ್ಯ, ಉಪಕಾರವಲ್ಲ.

ಸಿದ್ಧವಾದನೆಂದು ಯಾವಾಗ ಹೇಳಬೇಕು ಎಂಬುದಕ್ಕೆ ಅಂಕಿಯ ಉತ್ತರ ಬೇಕಾದರೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಕ್ತ ತೆಗೆಯುವವರ ಪರವಾನಗಿಗೆ ಕನಿಷ್ಠ 50 ಅಭಿಧಮನಿ ಚುಚ್ಚು ಮತ್ತು 10 ಬೆರಳಿನ ಚುಚ್ಚು ಕೇಳುತ್ತಾರೆ. ಕೆಳಗಿನ ಮಿತಿಯಾಗಿ ಇದು ಒಳ್ಳೆಯದು. ಆದರೆ ನಾನು ಸಹಿ ಹಾಕುವ ಪುಸ್ತಕದಲ್ಲಿ ಸಿಕ್ಕದ್ದರ ಜೊತೆಗೆ ತಪ್ಪಿದ್ದರ ಕಾಲಮ್ಮೂ ಇದೆ, ಏಕೆ ತಪ್ಪಿತೆಂದು ವಿದ್ಯಾರ್ಥಿಯೇ ಬರೆಯಬೇಕು. ಐವತ್ತೂ ಸಿಕ್ಕಿವೆ, ಒಂದೂ ತಪ್ಪಿಲ್ಲ ಎಂಬ ಪುಸ್ತಕಕ್ಕೆ ನಾನು ಸಹಿ ಹಾಕಿಲ್ಲ. ರೋಗಿಗೆ ತಲೆಸುತ್ತಿ ಬಂದಾಗ ಮೊದಲು ಟೂರ್ನಿಕೆಟ್ ಬಿಚ್ಚಿ, ಸೂಜಿ ತೆಗೆದು, ಹತ್ತಿ ಒತ್ತಿ, ಆಮೇಲೆ ಮಲಗಿಸಿ ಕಾಲು ಎತ್ತಿಸಿದವನನ್ನೂ, ನನ್ನಿಂದ ಇವರದು ಆಗುವುದಿಲ್ಲ ಸರ್, ನೀವು ನೋಡಿ ಎಂದು ಚುಚ್ಚುವ ಮೊದಲೇ ಹಿಂದೆ ಸರಿದವಳನ್ನೂ ಕಂಡ ದಿನ ಅವರು ಒಂಟಿಯಾಗಿ ಕೆಲಸ ಮಾಡಬಲ್ಲರೆಂದು ನನಗೆ ಅನಿಸುತ್ತದೆ.

ಅರ್ಹತೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗದ ಕಾಯ್ದೆ ಬಂದ ಮೇಲೆ ಶಿಕ್ಷಣದ ಮಟ್ಟ ಮತ್ತು ವೃತ್ತಿಪರರ ನೋಂದಣಿ ಎರಡೂ ಕಾನೂನಿನ ಚೌಕಟ್ಟಿಗೆ ಬಂದಿವೆ, ಆದ್ದರಿಂದ ನಿಮ್ಮ ಡಿಪ್ಲೊಮಾದ ಕಾಗದಪತ್ರ, ಅನುಭವದ ಪತ್ರಗಳನ್ನು ಸರಿಯಾಗಿ ಇಟ್ಟುಕೊಳ್ಳಿ. ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಒಬ್ಬ ಬೋಧಕರಿಗೆ ಎಷ್ಟು ಜನ ಎಂದು ಬರಹದಲ್ಲಿ ಕೇಳಿ. ರೋಗಿಯ ಪಕ್ಕದಲ್ಲಿ ಒಂದು ಹೊತ್ತಿಗೆ ಒಬ್ಬ ವಿದ್ಯಾರ್ಥಿಯ ಕೈಯನ್ನಷ್ಟೇ ನೀವು ನೋಡಬಲ್ಲಿರಿ. ಇಪ್ಪತ್ತು ಜನರನ್ನು ಒಟ್ಟಿಗೆ ಕಳಿಸುತ್ತೇವೆ ಎಂದರೆ ಉಳಿದ ಹತ್ತೊಂಬತ್ತು ಜನರಿಗೆ ಬೇರೇನು ಕೆಲಸವಿದೆ ಎಂದು ಕೇಳಿ.

ಕೊನೆಗೆ ನಿಮ್ಮ ಕೈಯ ಬಗ್ಗೆ. ಭಯ ಸುಳ್ಳಲ್ಲ, ನನಗೂ ಹಾಗೆ ಆಗಿತ್ತು. ಬರೀ ಪಾಠ ಹೇಳಿದ ಒಂದು ವರ್ಷ ಮುಗಿದಾಗ ಎಳೆ ಮಗುವಿನ ಕೈ ಹಿಡಿಯಲು ಹಿಂಜರಿದೆ. ವಾರದಲ್ಲಿ ಎರಡು ಬೆಳಗ್ಗೆ, ಏಳರಿಂದ ಹತ್ತರವರೆಗೆ, ಕಾಲೇಜಿಗೆ ಹೊಂದಿದ ಆಸ್ಪತ್ರೆಯ ಸ್ಯಾಂಪಲ್ ಕೌಂಟರಿನಲ್ಲಿ ನಾನೇ ಕೂರುತ್ತೇನೆ ಎಂದು ನೇಮಕದ ಪತ್ರದಲ್ಲೇ ಬರೆಸಿಕೊಳ್ಳಿ. ಆ ಹೊತ್ತಿನಲ್ಲಿ ಇಬ್ಬರು ವಿದ್ಯಾರ್ಥಿಗಳು ನಿಮ್ಮ ಹಿಂದೆ ನಿಂತು ನೋಡಲಿ. ನಿಮಗೂ ಕೆಲವು ಸಲ ತಪ್ಪುತ್ತದೆ. ತಪ್ಪಿದಾಗ ನೀವು ಟೂರ್ನಿಕೆಟ್ ಬಿಚ್ಚಿ, ‘ತಪ್ಪಾತ್ರಿ ಯವ್ವಾ, ಸಿಗಲಿಲ್ಲ, ಇನ್ನೊಂದು ಕೈ ನೋಡ್ಲ್ಯಾ?’ ಎಂದು ಕೇಳಿ ಉತ್ತರಕ್ಕೆ ಕಾಯುವುದನ್ನು ಅವರು ನೋಡಬೇಕು.